ಬೀಜಗಣಿತ, ಮತ್ತೊಮ್ಮೆ

ಗ್ರೇಸ್ಟೋನ್ ಬೇ, ಮಿಶಿಗನ್
ಭಾನುವಾರ, ಏಪ್ರಿಲ್ 14, 2019

ಪ್ರೀತಿಯ ಮಗಳು ಇಂಗ್ರಿಡ್‌ಗೆ,

ಮುಂಗೈಯ ಸುಟ್ಟ ಗಾಯ ಹೇಗಿದೆ? ಡುಲೂತ್ ಬಂದರಿನಿಂದ ಫೋನ್ ಮಾಡಿದಾಗ ಸಣ್ಣದು ಎಂದೆ. ನಿನ್ನ ಸಣ್ಣದು ಎಷ್ಟು ದೊಡ್ಡದಿರುತ್ತದೆ ಎಂದು ನನಗೆ ಗೊತ್ತು. ಹತ್ತನೇ ವಯಸ್ಸಿನಲ್ಲಿ ಕೈಮೂಳೆ ಮುರಿದುಕೊಂಡು ಬಂದು ಸ್ವಲ್ಪ ತರಚಿದೆ ಎಂದವಳು ನೀನು. ಇಪ್ಪತ್ತು ಚಿಲ್ಲರೆ ಜನರಿಗೆ ಮೂರು ಹೊತ್ತು ಬೇಯಿಸಿಹಾಕುವವಳಿಗೆ ಕೈ ಬೇಕು, ಅದಕ್ಕೇ ಹೇಳುತ್ತಿದ್ದೇನೆ, ಪಟ್ಟಿ ಒದ್ದೆ ಮಾಡಬೇಡ. ವೈಟ್‌ಫಿಶ್ ಕೊಲ್ಲಿಯಲ್ಲಿ ಮಂಜುಗಡ್ಡೆ ಇನ್ನೂ ಕರಗಿಲ್ಲ, ಅದಿರಿನ ಹಡಗುಗಳು ಸಾಲಾಗಿ ನಿಂತಿವೆ ಎಂದು ರೇಡಿಯೋದಲ್ಲಿ ಕೇಳಿದೆ. ನಿಮ್ಮ ಹಡಗಿನ ಹೆಸರನ್ನೂ ಹೇಳಿದರು. ಈ ಕಾಗದವನ್ನು ಡೆಟ್ರಾಯಿಟ್ ನದಿಯ ಅಂಚೆ ದೋಣಿಯ ವಿಳಾಸಕ್ಕೇ ಹಾಕುತ್ತೇನೆ. ನಿಮ್ಮವರು ಹಗ್ಗ ಕಟ್ಟಿ ಇಳಿಬಿಟ್ಟ ಬಕೆಟ್ಟಿಗೆ ಅವರು ಹಾಕುವಾಗ ನೀರಿಗೆ ಬೀಳದಿದ್ದರೆ ಈ ತಿಂಗಳೊಳಗೆ ನಿನ್ನ ಕೈಸೇರುತ್ತದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ದಡ ಕಂಡಾಗ ಎರಡು ನಿಮಿಷ ಸಿಗುವ ಫೋನಿನಲ್ಲಿ ಹವಾಮಾನ ಹೇಳಬಹುದು, ಇಂಥದ್ದನ್ನಲ್ಲ.

ನಾನು ಚೆನ್ನಾಗಿದ್ದೇನೆ. ಎಡ ಮೊಣಕಾಲು ಬೆಳಿಗ್ಗೆ ಎದ್ದಾಗ ಒಂದಿಷ್ಟು ತಕರಾರು ತೆಗೆಯುತ್ತದೆ, ಕಾಫಿ ಕುಡಿದ ಮೇಲೆ ಸುಮ್ಮನಾಗುತ್ತದೆ. ಮೂವತ್ನಾಲ್ಕು ವರ್ಷ ಕೌಂಟಿಯ ಹಿಮ ತಳ್ಳುವ ಲಾರಿಯ ಕ್ಲಚ್ಚನ್ನು ಅದೇ ಕಾಲಿನಲ್ಲಿ ಒತ್ತಿದವನು, ಅದಕ್ಕೆ ತಕರಾರಿನ ಹಕ್ಕಿದೆ. ಸೌನಾ ಎಂಬ ಬಿಸಿಸ್ನಾನದ ಕೋಣೆಯ ಒಲೆಯ ಹೊಗೆಕೊಳವೆ ತೂತಾಗಿತ್ತು, ಹೊಸದು ಹಾಕಿಸಿದೆ. ನಿನ್ನ ಮಗಳು ಬ್ರಿಟಾ ಆರೋಗ್ಯವಾಗಿದ್ದಾಳೆ. ನೀನು ಮಾರ್ಚಿನಲ್ಲಿ ಹೊರಟಾಗ ಇದ್ದದ್ದಕ್ಕಿಂತ ಅರ್ಧ ಇಂಚು ಬೆಳೆದಿದ್ದಾಳೆ, ಬಾಗಿಲ ಚೌಕಟ್ಟಿನಲ್ಲಿ ಗೀಟು ಎಳೆದಿದ್ದೇನೆ. ನನ್ನ ಅಡುಗೆಯನ್ನು ತಿಂದೂ ಬೆಳೆದಳು ಎಂಬುದನ್ನು ಗಮನಿಸಬೇಕು. ಶಾಲೆಯ ಬ್ಯಾಂಡಿನಲ್ಲಿ ಟ್ರೊಂಬೋನ್ ಊದುವುದು ಮುಂದುವರಿದಿದೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ನಾನು ಸೌದೆ ಒಡೆಯಲು ಹೊರಗೆ ಹೋಗುತ್ತೇನೆ. ಈ ವರ್ಷ ನಮ್ಮಲ್ಲಿ ಸೌದೆ ಬೇಕಾದಷ್ಟಿದೆ. ಅವಳಪ್ಪ ಗ್ರೀನ್ ಬೇಯಿಂದ ಹುಟ್ಟುಹಬ್ಬಕ್ಕೆ ಒಂದು ಕಾರ್ಡು ಕಳಿಸಿದ, ಹತ್ತು ದಿನ ತಡವಾಗಿ. ಅದನ್ನು ಬ್ರಿಟಾ ಓದಿ ಪುಸ್ತಕದ ಗುರುತಾಗಿ ಇಟ್ಟುಕೊಂಡಳು.

ಈಗ ವಿಷಯಕ್ಕೆ ಬರುತ್ತೇನೆ. ಶಾಲೆಯಿಂದ ಬಿಳಿ ಹಾಳೆ ಬಂತು. ಒಂಬತ್ತನೇ ತರಗತಿಯಿಂದ ಹನ್ನೆರಡನೆಯವರೆಗೆ ಮಗು ಯಾವ ವರ್ಷ ಏನು ಓದಬೇಕೆಂದು ಈಗಲೇ ನಾಲ್ಕು ಕಂಬಸಾಲಿನಲ್ಲಿ ತುಂಬಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ. ಬೇರೆಲ್ಲ ವಿಷಯಗಳ ಕಂಬಸಾಲು ಖಾಲಿ ಇತ್ತು, ಮಕ್ಕಳೇ ಆರಿಸಿಕೊಳ್ಳಬಹುದು. ಗಣಿತದ್ದು ಮಾತ್ರ ಟೀಚರೇ ತುಂಬಿ ಕಳಿಸಿದ್ದರು. ಒಂಬತ್ತನೇ ತರಗತಿಯ ಎದುರು, ನೀಲಿ ಶಾಯಿಯಲ್ಲಿ: ಬೀಜಗಣಿತ, ಮತ್ತೊಮ್ಮೆ. ಅಂದರೆ ಬ್ರಿಟಾ ಈ ವರ್ಷ ಎಂಟನೆಯಲ್ಲೇ ಓದುತ್ತಿರುವ ಬೀಜಗಣಿತವನ್ನು ಒಂಬತ್ತನೆಯಲ್ಲಿ ಇನ್ನೊಂದು ಸಲ ಓದಬೇಕು. ಆಮೇಲೆ ರೇಖಾಗಣಿತ, ಆಮೇಲೆ ಎರಡನೇ ಬೀಜಗಣಿತ, ಹನ್ನೆರಡನೆಯಲ್ಲಿ ತ್ರಿಕೋನಮಿತಿ ಮತ್ತು ಅದರ ಬಂಧುಬಳಗ. ಅಲ್ಲಿಗೆ ಶಾಲೆ ಮುಗಿಯುತ್ತದೆ. ನೀನು ಬಯಸಿದ ಕ್ಯಾಲ್ಕುಲಸ್ ಆ ಏಣಿಯ ಇನ್ನೊಂದು ಮೆಟ್ಟಿಲು ಮೇಲಿದೆ, ವರ್ಷಗಳು ಮಾತ್ರ ನಾಲ್ಕೇ.

ಆ ಮತ್ತೊಮ್ಮೆ ಎಂಬ ಮಾತು ಬರಬಹುದೆಂದು ನಿನಗೆ ಮೊದಲೇ ಅನುಮಾನವಿತ್ತು. ಅದಕ್ಕೇ ನೀನು ಹಡಗಿಗೆ ಹೊರಡುವ ಮುನ್ನ, ನಮ್ಮೂರಿನ ಎಲ್ಲ ಹಡಗಿನ ಮನೆಗಳವರ ಹಾಗೆ, ವರ್ಷಕ್ಕಾಗುವಷ್ಟು ಸಹಿ ಹಾಕಿಟ್ಟು ಹೋದೆ. ಹಲ್ಲಿನ ಡಾಕ್ಟರಿಗೊಂದು, ಬ್ಯಾಂಡಿನ ಪ್ರವಾಸಕ್ಕೊಂದು, ಚುಚ್ಚುಮದ್ದಿಗೊಂದು. ಶಾಲೆಯ ಕಚೇರಿಯವರೂ ಇದಕ್ಕೆ ಒಗ್ಗಿಹೋಗಿದ್ದಾರೆ. ಮಾರ್ಚಿನ ಸಹಿ ಅಕ್ಟೋಬರಿನಲ್ಲಿ ಬಂದರೂ ಹುಬ್ಬೇರಿಸುವುದಿಲ್ಲ. ಆ ಕಡತದ ತಳದಲ್ಲಿ ಹಳದಿ ಹಾಳೆ ಇತ್ತು. ಟೀಚರು ಹೇಳಿದ್ದು ನಮಗೆ ಒಪ್ಪಿಗೆಯಿಲ್ಲ, ನಮ್ಮ ಮಗುವನ್ನು ಮೇಲಿನ ತರಗತಿಗೇ ಹಾಕಿ, ಮುಂದೆ ಏನಾದರೂ ಆದರೆ ನಿಮ್ಮನ್ನು ದೂರುವುದಿಲ್ಲ ಎಂದು ಮನೆಯವರು ಬರೆದುಕೊಡುವ ಹಾಳೆ. ಅದು ಬಂದ ಮೇಲೆ ಶಾಲೆಯವರು ಇಲ್ಲ ಎನ್ನುವ ಹಾಗಿಲ್ಲ. ನೀನು ರೇಖಾಗಣಿತ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿದ್ದೆ. ಹೊರಡುವ ದಿನ ಇದೇ ಅಡುಗೆಮನೆಯಲ್ಲಿ ನಿಂತು ನೀನು ಹೇಳಿದ್ದು ನನಗೆ ನೆನಪಿದೆ. "ನಂಗೆ ಸಿಕ್ಕಿದ್ ಅವಕಾಶಾನ ನಾನೇ ಕೈಯಾರೆ ಕಳ್ಕೊಂಡೆ ಅಪ್ಪ. ಅದಕ್ಕೇ ಕೆಳಗೆ ಆಲೂಗಡ್ಡೆ ಸುಲೀತಿದೀನಿ. ಲೆಕ್ಕ ಬಂದೋರು ಮೇಲೆ ಚಕ್ರ ಹಿಡಿದು ನಿಂತಿರ್ತಾರೆ. ಅವಳು ಮೇಲೆ ನಿಲ್ಬೇಕು." ನಾನು ತಲೆಯಾಡಿಸಿದೆ. ಬಿಳಿ ಹಾಳೆ ಬಂದ ಕೂಡಲೇ ಇದನ್ನು ಕೊಟ್ಟುಬಿಡುತ್ತೇನೆ ಎಂದೂ ಹೇಳಿದೆ. ಆ ಮಾತು ಉಳಿಸಿಕೊಳ್ಳಬೇಕೆಂದೇ ಸೋಮವಾರ ಬೆಳಿಗ್ಗೆ ಆ ಹಳದಿ ಹಾಳೆಯನ್ನು ಟ್ರಕ್ಕಿನ ಮುಂದಿನ ಗಾಜಿನ ಕೆಳಗೆ ಇಟ್ಟುಕೊಂಡು ಬ್ರಿಟಾಳನ್ನು ಶಾಲೆಗೆ ಬಿಡಲು ಹೊರಟೆ.

ಅವಳಿಗೆ ಅದು ಕಂಡಿತು. ಶಾಲೆಯ ಮುಂದೆ ಗಾಡಿ ನಿಲ್ಲಿಸಿದಾಗ, ಇವತ್ತು ಕೊಡಬೇಡ ಅಜ್ಜ ಎಂದಳು. ಶುಕ್ರವಾರ ಕಡೇ ದಿನ, ಅಲ್ಲಿಯವರೆಗೆ ಇಟ್ಟುಕೊಂಡಿರು ಎಂದಳು. ಯಾಕೆ ಎಂದು ಕೇಳುವಷ್ಟರಲ್ಲಿ ಟ್ರೊಂಬೋನಿನ ಪೆಟ್ಟಿಗೆ ಎಳೆದುಕೊಂಡು ಇಳಿದು ಹೋದಳು. ನಾನು ಆ ಹಾಳೆಯನ್ನು ಮತ್ತೆ ಮನೆಗೆ ತಂದೆ. ಹುಡುಗಿಗೆ ಮೈಗಳ್ಳತನ ಹತ್ತಿದೆ ಎಂದುಕೊಂಡೆ, ನಿಜ ಹೇಳಬೇಕೆಂದರೆ ಕೊಂಚ ಖುಷಿಯೂ ಆಯಿತು. ಹದಿನಾಲ್ಕರಲ್ಲಿ ಮೈಗಳ್ಳತನ ಹತ್ತದವರ ಬಗ್ಗೆ ನನಗೆ ಯಾವತ್ತೂ ನಂಬಿಕೆಯಿಲ್ಲ.

ಸಂಜೆ ಊಟದ ಮೇಜಿನ ಹತ್ತಿರ ಅವಳನ್ನು ಕೆಣಕಿದೆ. ಸುಲಭದ ದಾರಿ ಕಂಡರೆ ಕತ್ತೆಯೂ ಅದೇ ಕಡೆ ತಿರುಗುತ್ತದೆ ಎಂದೆ. ಅವಳು ಸಿಟ್ಟಾಗಲಿಲ್ಲ, ಅದೇ ನನಗೆ ಮೊದಲು ವಿಚಿತ್ರ ಅನಿಸಿದ್ದು. ಚೀಲದಿಂದ ಪುಸ್ತಕ ತೆಗೆದು ಒಂದು ಲೆಕ್ಕ ತೋರಿಸಿದಳು. ಒಂದು ಸಂಖ್ಯೆಯನ್ನು ಋಣ ಎರಡರಿಂದ ಗುಣಿಸಿದಾಗ ಬರುವುದು ಆರಕ್ಕಿಂತ ಕಡಿಮೆ ಇದ್ದರೆ ಆ ಸಂಖ್ಯೆ ಎಷ್ಟು ಎಂದು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಬರೆದು ಮುಗಿಸಿದಳು: ಋಣ ಮೂರಕ್ಕಿಂತ ಹೆಚ್ಚು. ಪುಸ್ತಕದ ಹಿಂದೆ ನೋಡಿದರೆ ಉತ್ತರ ಸರಿಯಾಗಿತ್ತು. ಮತ್ತೇನು ಕಷ್ಟ ನಿನಗೆ ಎಂದೆ. ಅವಳು ಪೆನ್ಸಿಲಿನ ತುದಿಯನ್ನು ಒಂದು ಗುರುತಿನ ಮೇಲೆ ಇಟ್ಟಳು. ಕಡಿಮೆ ಎಂಬ ಗುರುತು ಮಧ್ಯದಲ್ಲಿ ತಿರುಗಿ ಹೆಚ್ಚು ಎಂದಾಗಿತ್ತು. "ಋಣದಿಂದ ಭಾಗಿಸಿದ್ರೆ ಇದನ್ನ ತಿರುಗಿಸ್ಬೇಕು, ಅಷ್ಟೇ ಗೊತ್ತು. ಯಾಕೆ ತಿರುಗುತ್ತೆ ಅಂತ ಗೊತ್ತಿಲ್ಲ. ಎಲ್ಲಾ ಹೀಗೇ ಅಜ್ಜ. ನಂಗೆ ಉತ್ತರ ಬರುತ್ತೆ. ಯಾಕೆ ಬಂತು ಅಂತ ತಿಳಿಯಲ್ಲ." ನನಗೂ ತಿಳಿದಿರಲಿಲ್ಲ ಎಂಬುದನ್ನು ಇಲ್ಲಿ ಬರೆದುಬಿಡುತ್ತೇನೆ. ನನ್ನ ಕಾಲದಲ್ಲಿ ಗುರುತು ತಿರುಗಿಸು ಎಂದರೆ ತಿರುಗಿಸುತ್ತಿದ್ದೆವು, ಲಾರಿ ತಿರುಗಿಸು ಎಂದರೆ ಲಾರಿ ತಿರುಗಿಸುತ್ತಿದ್ದೆವು.

ಆದರೆ ಮಂಜಿನಲ್ಲಿ ಮೂವತ್ನಾಲ್ಕು ವರ್ಷ ಕಳೆದವನಿಗೆ ಸೊನ್ನೆಯ ಕೆಳಗಿನ ಅಂಕಿಗಳ ಪರಿಚಯ ಸ್ವಲ್ಪ ಇರುತ್ತದೆ. ಕಿಟಕಿಯ ಹೊರಗೆ ತಗುಲಿಸಿದ ಉಷ್ಣಮಾಪಕವನ್ನು ಬಿಚ್ಚಿ ತಂದು ಮೇಜಿನ ಮೇಲೆ ಇಟ್ಟೆ. ಐದು ಹತ್ತಕ್ಕಿಂತ ಕಡಿಮೆ, ಹೌದಾ ಎಂದೆ. ಹೌದು ಎಂದಳು. ಈಗ ಎರಡನ್ನೂ ಸೊನ್ನೆಯ ಆಚೆಗೆ ಮಗುಚು, ಋಣ ಐದು, ಋಣ ಹತ್ತು. ಯಾವ ದಿನ ನಿಮ್ಮಮ್ಮ ನಿನಗೆ ಇನ್ನೊಂದು ಸ್ವೆಟರ್ ಹಾಕಿಸುತ್ತಾಳೆ ಎಂದೆ. ಅವಳು ಋಣ ಹತ್ತರ ಮೇಲೆ ಬೆರಳಿಟ್ಟಳು. ಮೇಲಿದ್ದದ್ದು ಕೆಳಗಾಗುತ್ತೆ, ಕನ್ನಡಿಯಲ್ಲಿ ಆದಂಗೆ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಆ ಅಧ್ಯಾಯದ ಲೆಕ್ಕಗಳನ್ನೆಲ್ಲ, ಜನವರಿಯಲ್ಲೇ ಮಾಡಿ ಸರಿ ಎನ್ನಿಸಿಕೊಂಡವನ್ನು, ಮೊದಲಿನಿಂದ ಮಾಡಿದಳು. ಯಾರೂ ಹೇಳದಿದ್ದರೂ ಮಾಡಿದಳು. ನಾನು ಊಟದ ಪ್ಯಾಸ್ಟಿಯನ್ನು, ಆ ಮಾಂಸ ಆಲೂಗಡ್ಡೆಯ ಕಡುಬನ್ನು, ಎರಡನೇ ಸಲ ಬಿಸಿಮಾಡಿಟ್ಟೆ, ಅದೂ ಆರಿತು. ಕೊನೆಗೆ ಪುಸ್ತಕ ಮುಚ್ಚಿ, ಟೀಚರು ಇದನ್ನು ಹೇಳಿಯೇ ಇರುತ್ತಾರೆ, ಬರೆದುಕೊಳ್ಳುವ ಗಡಿಬಿಡಿಯಲ್ಲಿ ನಾನು ಕೇಳಿಸಿಕೊಂಡಿರಲಿಕ್ಕಿಲ್ಲ ಎಂದಳು. ಅವಳ ಮುಖ ನೋಡಿ ನನಗೆ ಸಂತೋಷವಾಯಿತು ಇಂಗ್ರಿಡ್. ಅದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಬುಧವಾರ ಅವಳ ಗಣಿತದ ಟೀಚರ್ ಕೊಲೆಟ್ ಲಾಪಾಯಿಂಟ್‌ರನ್ನು ನೋಡಲು ಹೋದೆ. ನಿನಗಿಂತ ಹತ್ತು ವರ್ಷ ಚಿಕ್ಕವರು, ಮೇಜಿನ ಮೇಲೆ ಅರ್ಧ ತಿಂದ ಸೇಬು, ಬೆರಳೆಲ್ಲ ಮಾರ್ಕರಿನ ಮಸಿ. ನಾನು ಒಳಗೆ ಹೋದಾಗ ಎದ್ದು ನಿಂತರು. ಜಗಳಕ್ಕೆ ಬಂದ ಅಜ್ಜ ಎಂದುಕೊಂಡಿರಬೇಕು. ಪಾಪ, ಆ ವಾರವೆಲ್ಲ ಅವರಿಗೆ ಅದೇ ಆಗಿತ್ತು. ಎಂಟನೆಯಲ್ಲಿ ಬೀಜಗಣಿತ ತೆಗೆದುಕೊಂಡ ಹತ್ತೊಂಬತ್ತು ಮಕ್ಕಳಲ್ಲಿ ಎಂಟು ಜನರಿಗೆ ಮತ್ತೊಮ್ಮೆ ಎಂದು ಬರೆದಿದ್ದರಂತೆ, ಆರು ಹಳದಿ ಹಾಳೆ ಆಗಲೇ ಬಂದಿದ್ದವು. ಬ್ರಿಟಾಳದ್ದು ಏಳನೆಯದು ಎಂದು ಕೈಚಾಚಿದರು. ಸದ್ಯಕ್ಕೆ ಕೇಳುವುದಕ್ಕೆ ಬಂದಿದ್ದೇನೆ ಎಂದೆ. ಆಗ ಕೂತರು.

ಅವರು ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ. ಬ್ರಿಟಾಳಿಗೆ ಎಂಬತ್ತೊಂದು ಬಂದಿದೆ, ಗೆರೆ ಎಂಬತ್ತೈದಕ್ಕೆ ಇದೆ. ಆದರೆ ನನ್ನ ತಕರಾರು ಆ ನಾಲ್ಕು ಅಂಕಗಳದ್ದಲ್ಲ ಎಂದರು. ಮುಂದಿನ ವರ್ಷ ರೇಖಾಗಣಿತಕ್ಕೆ ಹಾಕಿದರೂ ಹೇಗೋ ದಾಟುತ್ತಾಳೆ, ಅಲ್ಲಿ ಬೀಜಗಣಿತದ ಕೆಲಸ ಕಡಿಮೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅದರಾಚೆ ಎರಡನೇ ಬೀಜಗಣಿತ ಬರುತ್ತದೆ. "ಅಲ್ಲಿ ಬಾಯಿಪಾಠ ಕೈ ಕೊಡುತ್ತೆ, ಮಿಸ್ಟರ್ ನೀಲುಂಡ್. ಆಗ ಮಕ್ಕಳು ಪಾಠ ಕಷ್ಟ ಅನ್ನಲ್ಲ, ನಾನು ದಡ್ಡ ಅಂತಾರೆ. ನಾನು ಹನ್ನೊಂದನೇ ಕ್ಲಾಸಿಗೂ ಪಾಠ ಮಾಡ್ತೀನಿ, ಪ್ರತಿ ವರ್ಷ ನೋಡ್ತೀನಿ." ಇದನ್ನು ಕೇಳಿದಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಹೊರಗೆ ಮಕ್ಕಳು ಕೊನೆಯ ಹಿಮದ ಗುಡ್ಡೆಯನ್ನು ಒದ್ದು ಒದ್ದು ಮುಗಿಸುತ್ತಿದ್ದರು. ಕ್ಯಾಲ್ಕುಲಸ್ ತಪ್ಪಿಹೋಗುತ್ತದಲ್ಲ ಎಂದು ನಿನ್ನ ಪರವಾಗಿ ಕೇಳಿದೆ. ನಿನ್ನ ಪರವಾಗಿ ನಾನು ವಾದಿಸಲೇ ಇಲ್ಲ ಎಂದು ತಿಳಿಯಬೇಡ. ತಪ್ಪಲೇಬೇಕೆಂದಿಲ್ಲ, ಹತ್ತನೆಯಲ್ಲಿ ರೇಖಾಗಣಿತವನ್ನೂ ಎರಡನೇ ಬೀಜಗಣಿತವನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು, ಆದರೆ ಆ ವರ್ಷ ಬ್ಯಾಂಡಿನ ತರಗತಿ ಬಿಡಬೇಕಾಗುತ್ತದೆ ಎಂದರು. ಅವಳು ಬಿಡುತ್ತಾಳೋ ಇಲ್ಲವೋ ಅವಳೇ ಹೇಳಬೇಕು. ನಾನಂತೂ ಸೌದೆ ಸಾಕಾಗಿದೆ ಎಂದು ಹೇಳಬಲ್ಲೆ.

ಅಷ್ಟರಲ್ಲಿ ಊರಿಗೆ ಸುದ್ದಿ ಮುಟ್ಟಿತ್ತು. ಗುರುವಾರ ಅಂಗಡಿಯಲ್ಲಿ ಮೊಟ್ಟೆ ತೆಗೆದುಕೊಳ್ಳುತ್ತಿದ್ದಾಗ ಪಕ್ಕದ ಬೀದಿಯ ವೆಂಡೆಲ್ ಸಿಕ್ಕಿದ. ಅವನ ಮೊಮ್ಮಗನದು ಆ ಆರು ಹಾಳೆಗಳಲ್ಲಿ ಒಂದು. "ಏನ್ ಆರ್ವಿಡ್, ನಿಮ್ ಹುಡುಗೀನ ಹಿಂದಕ್ಕೆ ಕೂರಿಸ್ತಾರಂತೆ? ಒಂದ್ ಸಹಿ ಹಾಕೋಕೆ ಕೈಗೇನ್ ಲಕ್ವ ಹೊಡೆದಿದ್ಯಾ?" ಎಂದ. ನಿನ್ನ ಮೊಮ್ಮಗ ಬೇಗ ಕ್ಯಾಲ್ಕುಲಸ್ ಕಲಿಯಲಿ, ನೀನು ಕಳೆದ ವರ್ಷ ಒಯ್ದ ನನ್ನ ಏಣಿ ಯಾವಾಗ ವಾಪಸ್ ಬರುತ್ತದೆಂದು ಲೆಕ್ಕ ಹಾಕಿಸಬೇಕು ಎಂದೆ. ನಕ್ಕ. ಏಣಿ ಇನ್ನೂ ಬಂದಿಲ್ಲ. ಬ್ರಿಟಾ ನನ್ನ ಹಿಂದೆಯೇ ಹಾಲಿನ ಡಬ್ಬಿ ಹಿಡಿದು ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಟ್ರಕ್ಕಿನಲ್ಲಿ ಕೂತ ಮೇಲೆ, ವೆಂಡೆಲ್ ಏನು ಬೇಕಾದರೂ ಅನ್ನಲಿ ಎಂದಳು. ಅವಳ ಸಮಸ್ಯೆ ನೀನು. "ಅಮ್ಮ ನಾಲ್ಕು ವರ್ಷದಿಂದ ಹಡಗಲ್ಲಿ ಎಲ್ರಿಗೂ ನಾನು ಕ್ಯಾಪ್ಟನ್ ಆಗ್ತೀನಿ ಅಂತ ಹೇಳ್ಕೊಂಡಿದಾಳೆ. ನಾನು ಇದನ್ನ ಮತ್ತೆ ಓದ್ತೀನಿ ಅಂದ್ರೆ ಅವಳ ಮುಖ ಏನಾಗುತ್ತೆ ಅಂತ ನಂಗೊತ್ತು. ಆದ್ರೂ ನಂಗೆ ಮತ್ತೆ ಓದ್ಬೇಕು." ಹೀಗೆ ಹೇಳುವಾಗ ಅವಳು ಅಳಲಿಲ್ಲ. ಹಾಲಿನ ಡಬ್ಬಿಯನ್ನು ಮಾತ್ರ ಮನೆ ಬರುವವರೆಗೂ ತೊಡೆಯ ಮೇಲಿಂದ ಇಳಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಶಾಲೆಯ ಕಚೇರಿಗೆ ಹೋದೆ. ಎರಡು ಹಾಳೆಗಳನ್ನೂ ನಿನ್ನ ಆ ಕಡತದಲ್ಲೇ ಇಟ್ಟುಕೊಂಡು ಒಯ್ದಿದ್ದೆ. ಬಿಳಿ ಹಾಳೆಯ ಕೆಳಗೆ, ಪೋಷಕರು ಎಂಬಲ್ಲಿ, ನನ್ನ ಹೆಸರು ಬರೆದು ಸಹಿ ಹಾಕಿ ಕೊಟ್ಟೆ. ನೀನು ಇಲ್ಲದಿರುವಾಗ ನನ್ನ ಸಹಿ ನಡೆಯುತ್ತದೆಂದು ನೀನೇ ವಕೀಲರ ಹತ್ತಿರ ಮಾಡಿಸಿದ ಕಾಗದವಿದೆಯಲ್ಲ, ಅದರ ಬಲದಿಂದ. ಹಳದಿಯದನ್ನು ಕೊಡಲಿಲ್ಲ. ಕಚೇರಿಯ ಹೆಂಗಸು, ಹಡಗಿನವರ ಮನೆಯಿಂದ ಹಳದಿ ಬರಲಿಲ್ಲವಲ್ಲ ಎಂದು ಒಂದು ಸಲ ನನ್ನ ಮುಖ ನೋಡಿ ಮುದ್ರೆ ಒತ್ತಿದಳು.

ನೀನು ಬೇಡ ಎಂದದ್ದನ್ನು ನೀನು ದೂರ ಸರೋವರದ ಮೇಲಿರುವಾಗ ಮಾಡಿದ್ದೇನೆ. ಸಿಟ್ಟು ಬಂದೇ ಬರುತ್ತದೆ, ಬರಲಿ. ಕದ್ದು ಮಾಡಿದೆ ಅನ್ನಿಸಬಾರದೆಂದು ಇಷ್ಟುದ್ದ ಬರೆಯುತ್ತಿದ್ದೇನೆ. ಜೂನ್ ಏಳರವರೆಗೆ ಬದಲಾಯಿಸಲು ಬಿಡುತ್ತಾರೆ. ನಿನ್ನ ಹಾಳೆಯನ್ನು ಹರಿದಿಲ್ಲ, ಮಡಿಚಿಯೂ ಇಲ್ಲ. ಯಾವುದಾದರೂ ಬಂದರಿನಿಂದ ಶಾಲೆಗೆ ಫೋನ್ ಮಾಡಿ ಹೇಳಿದರೆ ಸಾಕು, ಮರುದಿನವೇ ನಾನೇ ಒಯ್ದು ಕೊಡುತ್ತೇನೆ, ಮುಖ ಗಂಟಿಕ್ಕದೆ ಕೊಡುತ್ತೇನೆ. ತಾಯಿ ನೀನು. ನಾನು ಕೇಳಿಕೊಳ್ಳುವುದು ಇಷ್ಟೇ, ಶಾಲೆಗೆ ಫೋನ್ ಮಾಡುವ ಮೊದಲು ಬ್ರಿಟಾಳಿಗೆ ಮಾಡು. ಆ ಎರಡು ನಿಮಿಷದಲ್ಲಿ ಕ್ಯಾಪ್ಟನ್ ವಿಚಾರ ಎತ್ತಬೇಡ. ಗುರುತು ಯಾಕೆ ತಿರುಗುತ್ತದೆ ಎಂದು ಕೇಳು. ಅವಳು ಹೇಳುವುದನ್ನು ಕೇಳಿದ ಮೇಲೆ ನಿನಗೆ ತೋಚಿದಂತೆ ಮಾಡು.

ಮತ್ತೇನಿಲ್ಲ. ಶುಕ್ರವಾರ ಸಂಜೆ ಚರ್ಚಿನ ನೆಲಮಾಳಿಗೆಯ ಮೀನೂಟಕ್ಕೆ ಹೋಗಿದ್ದೆವು, ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಈ ಊರಿನಲ್ಲಿ ಮನೆಯಲ್ಲಿ ಒಲೆ ಹಚ್ಚುವವರು ಯಾರಿದ್ದಾರೆ. ಅಲ್ಲಿ ಸಿಕ್ಕವರೆಲ್ಲ ನಿನ್ನನ್ನು ಕೇಳಿದರು. ನಿನಗೆ ಗಣಿತ ಕಲಿಸಿದ ಹಾರ್ಜು ಟೀಚರೂ ಕೇಳಿದರು. ಎಂಬತ್ನಾಲ್ಕಾಗಿದೆ, ಕೋಲು ಬಂದಿದೆ, ಕಣ್ಣು ಮಾತ್ರ ನನ್ನದಕ್ಕಿಂತ ಚುರುಕು. ಏಲಕ್ಕಿ ಬ್ರೆಡ್ಡು ಎರಡು ಸುತ್ತಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ, ಬ್ರಿಟಾ ಮಾಡಿದ್ದು. ಬಕೆಟ್ಟಿನಲ್ಲಿ ಜಜ್ಜಿಹೋದರೂ ತಿನ್ನು. ಸರೋವರ ನಿನಗೆ ಶಾಂತವಾಗಿರಲಿ. ಕೈ ಬೇಗ ವಾಸಿಯಾಗಲಿ, ನಿನ್ನ ಮನಸ್ಸಿಗೆ ಒಳ್ಳೆಯದಾಗಲಿ. ಮನೆಯಲ್ಲಿ ಇಬ್ಬರೂ ದಿನಾ ನಿನ್ನ ವಿಚಾರ ಮಾತಾಡುತ್ತೇವೆ.

ನಿನ್ನ ಅಪ್ಪ,
ಆರ್ವಿಡ್

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆಯ ಗಾಡಿ ಒಂಬತ್ತಕ್ಕೆ ಬರುತ್ತದೆ, ಈಗ ಎಂಟೂ ನಲವತ್ತು, ಬೇಗ ಬರೆಯುತ್ತೇನೆ. ಹಾರ್ಜು ಟೀಚರು ಸುಮ್ಮನೆ ನಿನ್ನ ಕ್ಷೇಮ ಕೇಳಲಿಲ್ಲ. ಅಂಗಡಿಯಲ್ಲಿ ನನ್ನನ್ನು ಕಂಡರೆ ಇಂಗ್ರಿಡ್ ಯಾಕೆ ಬೇರೆ ಸಾಲಿಗೆ ಹೋಗಿಬಿಡುತ್ತಾಳೆ, ನಾನು ಅವಳಿಗೇನು ಮಾಡಿದೆ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅದು ಸುಳ್ಳು. 1994ರಲ್ಲಿ ನಿನ್ನ ಬಿಳಿ ಹಾಳೆಯ ಮೇಲೆ ಅವರು ಬರೆದದ್ದು ಬೀಜಗಣಿತ, ಮತ್ತೊಮ್ಮೆ ಎಂದೇ. ಹುಡುಗಿ ಚುರುಕಿದ್ದಾಳೆ, ಅವಸರ ಬೇಡ ಎಂದು ಕೆಳಗೆ ಒಂದು ಸಾಲನ್ನೂ ಸೇರಿಸಿದ್ದರು. ನಿನ್ನ ಅಮ್ಮ ಟೀಚರು ಹೇಳಿದಂತೆ ಕೇಳೋಣ ಎಂದಳು. ನಾನು ಕೇಳಲಿಲ್ಲ. ಲಾರಿ ಓಡಿಸುವವನ ಮಗಳು ಅಂತ ಹಿಂದೆ ಹಾಕುತ್ತಿದ್ದಾರೆ ಎಂದು ನನಗೆ ಉರಿದುಹೋಯಿತು, ಹಳದಿ ಹಾಳೆಗೆ ಸಹಿ ಹಾಕಿ ಕೊಟ್ಟುಬಂದೆ. ಮನೆಗೆ ಬಂದು ನಿನಗೆ, ಹಾರ್ಜು ಟೀಚರು ನಿನ್ನನ್ನೇ ಆರಿಸಿ ಮೇಲಕ್ಕೆ ಹಾಕಿದ್ದಾರೆ ಎಂದೆ. ನೀನು ಆವತ್ತು ಅಡುಗೆಮನೆಯಲ್ಲಿ ಕುಣಿದೆ. ಮೂರು ವರ್ಷದ ಮೇಲೆ ತ್ರಿಕೋನಮಿತಿಯಲ್ಲಿ ಫೇಲಾಗಿ, ಆ ಪುಸ್ತಕವನ್ನು ಒಲೆಗೆ ಹಾಕಿ, ಟೀಚರ್ ಅಷ್ಟು ನಂಬಿದ್ದರು, ನಾನು ಅವರ ಮರ್ಯಾದೆ ಕಳೆದೆ ಎಂದು ಅತ್ತಾಗ ನಾನು ಆ ಒಲೆಯ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಮರುವರ್ಷ ನೀನು ಹಡಗು ಹತ್ತಿದೆ, ಆಗಲೂ ಬಿಡಲಿಲ್ಲ. ಇಪ್ಪತ್ತೈದು ವರ್ಷ ನೀನು ನಿನ್ನದೆಂದು ಹೊತ್ತುಕೊಂಡಿರುವ ಸೋಲು ನಿನ್ನದಲ್ಲ. ನೀನು ಯಾರ ಮರ್ಯಾದೆಯನ್ನೂ ಕಳೆದಿಲ್ಲ. ನನ್ನನ್ನು ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ನಿನ್ನೆ ಸಂಜೆ ಬ್ರಿಟಾಳಿಗೆ ಇದನ್ನೆಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಕೇಳಿದ್ದು ಒಂದೇ ಮಾತು: "ಅಮ್ಮಂಗೆ ಯಾವಾಗ ಹೇಳ್ತೀಯಾ ಅಜ್ಜ?" ನಾಳೆ ಬೆಳಿಗ್ಗೆ, ಅಂಚೆಗಾಡಿ ಬರುವ ಮುಂಚೆ ಎಂದೆ.